ನಾಲ್ಕನೆಯ ಸುರುಳಿ

ಮಾರ್ಚ್ ೪

ಭಾವ,

ಕ್ಷೇಮ ಅಂತ ಶುರು ಮಾಡುವುದು ರೂಢಿ. ಈ ಸಲ ಅದನ್ನು ಬಿಟ್ಟಿದ್ದೇನೆ, ಸುಳ್ಳು ಹೇಳಿಕೊಂಡು ಒಳಗೆ ಬಂದ ಹಾಗಾಗುತ್ತದೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರ ಕಾಗದ ಅಂತ ನಿಮಗೆ ತಿಳಿದಿರುತ್ತದೆ. ಆದರೂ ಒಡೆದು ಇಲ್ಲಿಯವರೆಗೆ ಓದಿದಿರಲ್ಲ, ಅಷ್ಟೇ ದೊಡ್ಡದು.

ನನ್ನ ನಂಬರನ್ನು ನಿಮ್ಮ ಫೋನಿನಲ್ಲಿ ತಡೆದಿಟ್ಟಿದ್ದೀರಿ ಅಂತ ಗೊತ್ತು. ತಡೆಯದಿದ್ದರೂ ಈಗ ಫೋನಿನಲ್ಲಿ ಮಾತಾಡುವುದು ನನ್ನಿಂದ ಆಗುವುದಿಲ್ಲ. ಬಲಗಿವಿ ಪೂರ್ತಿ ಹೋಯಿತು. ಎಡಗಿವಿ ಹೋಗುತ್ತಿದೆ. ಕಿವಿ ಡಾಕ್ಟರು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರು, ಅವರೇ ಈ ಸಲ ನೇರವಾಗಿ 'ಇನ್ನೊಂದು ಮೂರು ತಿಂಗಳು ಅಂದ್ಕೊಳ್ಳಿ' ಎಂದು ಹಾಳೆಯ ಮೇಲೆ ಬರೆದು ತೋರಿಸಿದರು. ನರವೇ ಸಾಯುತ್ತಿರುವುದರಿಂದ ಕಿವಿಗೆ ಯಂತ್ರ ಹಾಕಿಕೊಂಡರೂ ಉಪಯೋಗವಿಲ್ಲವಂತೆ.

ಬರೆದದ್ದು ಆಲ್ಬಮ್ಮಿನ ಸಲುವಾಗಿ. ಅಕ್ಕ ಮಲಗಿದ್ದ ಆ ನಾಲ್ಕು ತಿಂಗಳು ನಾನು ಅವಳ ಮಂಚದ ಪಕ್ಕದ ಮೇಜಿನ ಮೇಲೆ ಗಿಟಾರನ್ನು ಅಂಗಾತ ಮಲಗಿಸಿ ಇಡುತ್ತಿದ್ದೆನಲ್ಲ. ಅದನ್ನು ಯಾರೂ ನುಡಿಸುತ್ತಿರಲಿಲ್ಲ. ಅಕ್ಕ ಮಾತಾಡಿದರೆ, ನಕ್ಕರೆ, ಕೆಮ್ಮಿದರೆ ಆ ಸದ್ದಿಗೆ ತಂತಿಗಳು ತಾವೇ ಅದುರಿ ಸಣ್ಣಗೆ ಮಿಡಿಯುತ್ತಿದ್ದವು. ಗಿಟಾರಿನ ಮರಕ್ಕೆ ಒಂದು ಬಿಲ್ಲೆಯಂಥ ಮೈಕು ಅಂಟಿಸಿದ್ದೆ. ಅದಕ್ಕೆ ಗಾಳಿಯಲ್ಲಿ ಬರುವ ಮಾತು ಕೇಳಿಸುವುದಿಲ್ಲ, ಮರದ ನಡುಕ ಮಾತ್ರ ಕೇಳಿಸುತ್ತದೆ. ಹಾಗಾಗಿ ಟೇಪಿನಲ್ಲಿ ಅಕ್ಕನ ದನಿ ಒಂದಕ್ಷರವೂ ಇಲ್ಲ. ಅವಳ ದನಿಗೆ ತಂತಿ ಕೊಟ್ಟ ಉತ್ತರ ಮಾತ್ರ ಇದೆ. ನೀವು ಅಕ್ಕನ ತಿಥಿಯ ದಿನ ಮೆಟ್ಟಿಲ ಮೇಲೆ 'ನನ್ನ ಹೆಂಡ್ತಿ ಸಾಯೋದನ್ನ ರೆಕಾರ್ಡು ಮಾಡ್ಕೊಂಡ ಕಳ್ಳ ನೀನು' ಅಂದಾಗ ನಾನು ಇದನ್ನು ಹೇಳಬೇಕಿತ್ತು. ಹೇಳುವ ಬದಲು ಬೇರೆ ಮಾತು ಆಡಿದೆ. ಅದನ್ನು ಹೊಟ್ಟೆಗೆ ಹಾಕಿಕೊಳ್ಳಿ ಅಂತ ಕೇಳುವ ಮುಖ ನನಗಿಲ್ಲ.

ಈ ಆಟ ಅಕ್ಕನಿಗೆ ಎಷ್ಟು ಹಿಡಿಸಿತ್ತು ಅಂದರೆ, ಬೇಕಂತಲೇ ಗಿಟಾರಿನ ಕಡೆ ತಿರುಗಿ ನನ್ನನ್ನು ಬೈಯುತ್ತಿದ್ದಳು. 'ನಾನು ಹೋದ್ಮೇಲೂ ಇದ್ರೊಳಗೆ ಕೂತು ನಿನ್ನ ಬೈತಾನೇ ಇರ್ತೀನಿ ನೋಡ್ತಿರು' ಅನ್ನುತ್ತಿದ್ದಳು.

ಒಟ್ಟು ನಾಲ್ಕು ಸುರುಳಿ ಟೇಪು. ಮೂರನ್ನು ಈ ಎರಡು ವರ್ಷದಲ್ಲಿ ನಾನೇ ಕತ್ತರಿಸಿ, ಅಂಟಿಸಿ, ಅರ್ಧ ವೇಗದಲ್ಲಿ ಓಡಿಸಿ, ಒಂದರ ಮೇಲೊಂದು ಹಾಸಿ ಮೂರು ಭಾಗ ಮಾಡಿದ್ದೇನೆ. ಇಂಥವನ್ನೇ ನೂರು ನೂರು ಪ್ರತಿ ಹೊರತರುವ ಒಬ್ಬಾಕೆ ಇದನ್ನೂ ತರುತ್ತೇನೆ ಎಂದಿದ್ದಾರೆ. ಉಳಿದದ್ದು ನಾಲ್ಕನೆಯದು, ಕೊನೆಯ ಮಧ್ಯಾಹ್ನದ್ದು. ಆವತ್ತು ಸಂಜೆಯೇ ಅವಳು ಹೋದದ್ದು. ಆ ಸುರುಳಿಯನ್ನು ನಾನು ಒಮ್ಮೆಯೂ ಕೇಳಿಲ್ಲ. ಇವತ್ತು ಕೇಳೋಣ, ನಾಳೆ ಕೇಳೋಣ ಅನ್ನುತ್ತಾ ಮುಂದೂಡಿದೆ. ಈಗ ಕೇಳಲು ಕಿವಿಯಿಲ್ಲ.

ಅದನ್ನು ಕೇಳಿ, ಆಲ್ಬಮ್ಮಿಗೆ ಸರಿಮಾಡಿ ಕೊಡಲು ನಿಮಗಿಂತ ಒಳ್ಳೆಯ ಕಿವಿ ನನಗೆ ಗೊತ್ತಿಲ್ಲ. ಬೇರೆಯವರಿಗೆ ಕೊಡುವ ಮನಸ್ಸೂ ಇಲ್ಲ.

ನಿಮ್ಮ ಬಾಮೈದ,
ಗುಂಗಿ


ಮಾರ್ಚ್ ೧೯

ಗುಂಗಿಗೆ,

ನಿನ್ನ ಕಿವಿಯ ಸುದ್ದಿ ಓದಿ ಬೇಸರವಾಯಿತು. ಅದು ಬೇರೆ, ಇದು ಬೇರೆ.

ನೀನು ಆಡಿದ ಮಾತು ನೀನು ಮರೆತಿರಬಹುದು ಅಂದುಕೊಂಡಿದ್ದೆ. ನೆನಪಿದೆ ಅನ್ನುತ್ತೀಯ. ಹಾಗಿದ್ದರೆ ಇಬ್ಬರ ನೆನಪೂ ಒಂದೇನಾ ಅಂತ ನೋಡಿಬಿಡೋಣ. 'ನಾನಾದ್ರೂ ಅವಳ ಪಕ್ಕದಲ್ಲಿ ಕೂತಿದ್ದೆ. ನೀವೆಲ್ಲಿದ್ರಿ?' ಇದು ನೀನಂದದ್ದು, ಮೆಟ್ಟಿಲ ಮೇಲೆ, ಬಂದ ಜನರೆಲ್ಲ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತಿದ್ದಾಗ. ಮೂವತ್ತು ವರ್ಷ ಅವಳ ಜೊತೆ ಬಾಳಿದವನಿಗೆ.

ಸುರುಳಿ ಕಳಿಸಬೇಡ. ಕಳಿಸಿದರೆ ವಾಪಸ್ಸು ಬರುತ್ತದೆ.

ನೀನು ಬಳಸಿದ್ದು ರೇಡಿಯೋದವರು ಬಿಸಾಡಿದ ಹಳೇ ಟೇಪು ತಾನೇ? ಅದರ ಲೇಪ ಜಿಗುಟಾಗಿರುತ್ತದೆ. ಸುಮ್ಮನೆ ಯಂತ್ರಕ್ಕೆ ಹಾಕಿ ಓಡಿಸಿಬಿಟ್ಟೀಯ, ಕಂದು ಪುಡಿಯಾಗಿ ಉದುರಿಹೋಗುತ್ತದೆ. ನೆಟ್ಟಗೆ ನಿಲ್ಲಿಸಿಡು, ಮಲಗಿಸಬೇಡ. ಗೋಡೆಗೆ ತಾಗಿಸಬೇಡ, ತೇವ ಎಳೆದುಕೊಳ್ಳುತ್ತದೆ.

ಭಾವ


ಏಪ್ರಿಲ್ ೨

ಭಾವ,

ಕಳಿಸಬೇಡ ಅಂದಿರಿ, ಕಳಿಸಿದ್ದೇನೆ. ನೆಟ್ಟಗೆ ನಿಲ್ಲಿಸಿಡು ಅಂತ ಹೇಳಿಕೊಟ್ಟವರು ಬಾಗಿಲಿಗೆ ಬಂದದ್ದನ್ನು ಹಿಂದೆ ಕಳಿಸಲಾರರು ಅನ್ನುವ ಧೈರ್ಯದ ಮೇಲೆ. ಡಬ್ಬಿಯ ಸುತ್ತ ನನ್ನ ಎರಡು ಹಳೇ ಬನಿಯನ್ನು ಸುತ್ತಿದ್ದೇನೆ. ಒಗೆದಿದ್ದೇನೆ, ಮೂಗು ಮುರಿಯಬೇಡಿ. ನೀವಂದದ್ದು ಸರಿ, ರೇಡಿಯೋದವರು ಬಿಸಾಡಿದ ಟೇಪು ಇದೊಂದೇ, ಮೊದಲ ಮೂರು ಬೇರೆ, ಗಟ್ಟಿ ಟೇಪು.

ಅಂಗಡಿಯಲ್ಲಿ ನನ್ನ ಕೆಲಸ ಬದಲಾಯಿತು. ಇಪ್ಪತ್ತೆರಡು ವರ್ಷ ಗಿಟಾರುಗಳಿಗೆ ತಂತಿ ಕಟ್ಟಿ ಶ್ರುತಿ ಮಾಡಿ ಕೊಟ್ಟವನು ಈಗ ಹಿಂದಿನ ಕೋಣೆಯಲ್ಲಿ ಅವುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತೇನೆ. ಹೋದ ವಾರ ಒಬ್ಬ ಹುಡುಗಿಗೆ ನಾನು ಶ್ರುತಿ ಮಾಡಿ ಕೊಟ್ಟ ಗಿಟಾರನ್ನು ಅವಳ ಮೇಷ್ಟ್ರು ವಾಪಸ್ಸು ತಂದರು. ಯಜಮಾನರು ಒಳ್ಳೆಯವರು. ತಾವೇ ಕೂತು ತಂತಿ ತಿರುಗಿಸಿದರು. ನಾನು ಅವರ ಬೆರಳು ನೋಡುತ್ತಾ ನಿಂತೆ. ಪೂರಾ ಒಂದು ಸುತ್ತು ತಿರುಗಿಸಿದರು. ಅಷ್ಟು ತಪ್ಪಾಗಿತ್ತು.

ನನ್ನ ವಾದ್ಯ ಕೇಳಿದಾಗಲೆಲ್ಲ ನೀವು 'ಕೋಣನ ಮುಂದೆ ಕಿನ್ನರಿ ಬಾರಿಸ್ಬೇಡ ಮಾರಾಯ' ಎಂದು ಕೈ ಮುಗಿಯುತ್ತಿದ್ದಿರಿ. ಈಗ ಕೋಣವೇ ಕಿನ್ನರಿ ಹಿಡಿದು ಕೂತಿದೆ.

ಕೆಲಸದ ಮಾತು. ಡಬ್ಬಿಯೊಳಗೆ ಒಂದು ಚೀಟಿಯಿದೆ. ಸುರುಳಿ ಹಾಕುವ ಮುಂಚೆ ಅದನ್ನು ಓದಿ. ಹೇಗೆ ರೆಕಾರ್ಡು ಮಾಡಿದೆವು ಅಂತ ಪ್ರತಿ ಡಬ್ಬಿಯಲ್ಲೂ ಬರೆದಿಡುವುದು ನನ್ನ ಅಭ್ಯಾಸ. ಮೊದಲ ಮೂರು ನಾನು ಬರೆದದ್ದು. ಇದನ್ನು ಆವತ್ತು ನಾನು ಬಾಯಲ್ಲಿ ಹೇಳಿ ಅಕ್ಕನ ಕೈಯಲ್ಲಿ ಬರೆಸಿದೆ. ಮಲಗಿಕೊಂಡೇ ಬರೆದಳು, ಸಾಲು ಸೊಟ್ಟಗಿದೆ.

ಕೇಳಿ ಮುಗಿಸಿದ ಮೇಲೆ ನಿಮ್ಮನ್ನು ಒಂದು ಪ್ರಶ್ನೆ ಕೇಳುವುದಿದೆ. ನಿಜ ಹೇಳಬೇಕೆಂದರೆ ಆಲ್ಬಮ್ಮಿಗಿಂತ ನನಗೆ ಅದೇ ಮುಖ್ಯ. ಈಗಲೇ ಹೇಳಿದರೆ ನೀವು ಅದನ್ನೇ ಹುಡುಕುತ್ತಾ ಕೂರುತ್ತೀರಿ, ಇಲ್ಲದ್ದೂ ಕೇಳಿಸುತ್ತದೆ. ಹಾಗಾಗಿ ಆಮೇಲೆ.

ಗುಂಗಿ


ಏಪ್ರಿಲ್ ೩೦

ಗುಂಗಿಗೆ,

ಬಂತು. ಹನ್ನೊಂದು ದಿನ ಕೆಲಸದ ಮೇಜಿನ ಕೆಳಗೆ ಕಾಲಿಗೆ ತಾಗುವ ಹಾಗೆ ಇಟ್ಟುಕೊಂಡಿದ್ದೆ. ವಾಪಸ್ಸು ಕಳಿಸಲು ಎರಡು ಸಲ ಅಂಚೆ ಕಚೇರಿಯ ಸಾಲಿನಲ್ಲೂ ನಿಂತೆ. ಎರಡನೆಯ ಸಲ ನನ್ನ ಸರದಿ ಬಂದೇಬಿಟ್ಟಿತು. ಕೌಂಟರಿನ ಹೆಂಗಸು 'ಒಡೆಯೋ ವಸ್ತು ಏನಾದ್ರೂ ಇದೆಯಾ ಇದ್ರಲ್ಲಿ?' ಅಂತ ಕೇಳಿದರು. ಸ್ಟಾಂಪು ಮಾತ್ರ ಕೊಂಡು ಬಂದೆ.

ನನ್ನ ಕೆಲಸ ಹೇಗಿದೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಅದೇ ಕೋಣೆ, ಹೊರಗಿನ ಸದ್ದು ಬರದ ಹಾಗೆ ಕಿಟಕಿಗೆ ಅಡ್ಡ ಇಟ್ಟ ಅದೇ ಹಾಸಿಗೆ. ವಿಚಾರಣೆಗಳಲ್ಲಿ ರೆಕಾರ್ಡಾದ ಹೇಳಿಕೆಗಳು ಬರುತ್ತವೆ. ಅದರಲ್ಲಿರುವ ಫ್ಯಾನು, ಕೆಮ್ಮು, ಕುರ್ಚಿ ಎಳೆದದ್ದು, ಹೊರಗಿನ ಲಾರಿ ಎಲ್ಲ ತೆಗೆದು, ಯಾರು ಏನಂದರು ಅನ್ನುವುದಷ್ಟನ್ನು ಉಳಿಸಿ ಕೊಡುವುದು. ಯಾರಾದರೂ ನನ್ನ ಉದ್ಯೋಗ ಕೇಳಿದರೆ ಅವಳು 'ಇವ್ರು ಶಬ್ದಕ್ಕೆ ಇಸ್ತ್ರಿ ಹಾಕ್ತಾರೆ' ಅನ್ನುತ್ತಿದ್ದಳಲ್ಲ. ಪಕ್ಕದ ಮನೆಯವರು ಬಹಳ ದಿನ ನನ್ನನ್ನು ಬಟ್ಟೆ ಅಂಗಡಿಯವನೆಂದೇ ತಿಳಿದಿದ್ದರು. ಮದುವೆಯಾದ ಹೊಸದರಲ್ಲಿ ಒಂದು ವರ್ಷ ನನ್ನನ್ನು ಇಸ್ತ್ರಿ ಅಂತಲೇ ಕೂಗಿದಳು. ನಿನಗೆ ಗುಂಗಿಹುಳ ಅಂತ ಹೆಸರಿಟ್ಟವಳೂ ಅವಳೇ, ಐದು ವರ್ಷದವನಿದ್ದಾಗಲೇ ಮೂಲೆಯಲ್ಲಿ ಕೂತು ಗುಂಯ್ ಅನ್ನುತ್ತಿದ್ದೆಯಂತೆ.

ಕೆಳಗಿನ ಮನೆಯವರ ಹತ್ತಿರ ಹಣ್ಣು ಒಣಗಿಸುವ ವಿದ್ಯುತ್ ಪೆಟ್ಟಿಗೆ ಇದೆ. ಅದರಲ್ಲಿ ಟೇಪನ್ನು ಹದವಾದ ಶಾಖಕ್ಕೆ ಎಂಟು ಗಂಟೆ ಇಟ್ಟು ತೆಗೆಯಬೇಕು. ಆಮೇಲೂ ಇದು ಒಂದೇ ಸಲ ಓಡುತ್ತದೆ. ತುದಿ ಬೆರಳಿನಲ್ಲಿ ಮುಟ್ಟಿ ನೋಡಿದೆ, ಅಲ್ಲೇ ಲೇಪ ಎದ್ದು ಬಂತು. ಓಡುತ್ತಾ ಓಡುತ್ತಾ ಹಿಂದೆ ಉದುರುತ್ತಾ ಹೋಗುತ್ತದೆ. ಆ ಒಂದು ಸಲದಲ್ಲಿ ಹಿಡಿದುಕೊಂಡದ್ದೇ ಹಿಡಿದುಕೊಂಡದ್ದು.

ಮಾಡುತ್ತೇನೆ. ನಿನಗಾಗಿ ಅಲ್ಲ.

ಭಾವ


ಮೇ ೨೧

ಗುಂಗಿ,

ಆಯಿತು. ನಲವತ್ತೊಂದು ನಿಮಿಷ. ಚೆನ್ನಾಗಿ ಬಂದಿದೆ. ತಂತಿಗಳ ನಾದ ಅಲೆ ಅಲೆಯಾಗಿ ತೇಲಿ ಬರುತ್ತದೆ, ಮನಸ್ಸಿಗೆ ತುಂಬಾ ಹಿತವಾಗಿದೆ. ಸಿ.ಡಿ. ಜೊತೆಗಿಟ್ಟಿದ್ದೇನೆ. ಆ ನೂರು ಪ್ರತಿಯ ಹೆಂಗಸಿಗೆ ನೇರವಾಗಿ ಕೊಟ್ಟುಬಿಡು, ಇನ್ನು ಅದಕ್ಕೆ ಏನೂ ಮಾಡುವುದು ಬೇಕಾಗಿಲ್ಲ.

ಸುರುಳಿ ಉಳಿಯಲಿಲ್ಲ. ಮೊದಲೇ ಹೇಳಿದ್ದೆ. ಕೊನೆಗೆ ಬರೀ ಪಾರದರ್ಶಕ ಪಟ್ಟಿ ಉಳಿಯಿತು, ಯಂತ್ರದ ಕೆಳಗೆ ಒಂದು ಚಮಚದಷ್ಟು ಕಂದು ಪುಡಿ.

ಏನೋ ಪ್ರಶ್ನೆ ಇದೆ ಅಂದಿದ್ದೆ. ಆಗಿದ್ದು ಆಗಿಹೋಯಿತು. ಕೇಳದೆ ಬಿಟ್ಟರೂ ನಡೆಯುತ್ತದೆ.

ಆರೋಗ್ಯ ನೋಡಿಕೋ.

ಭಾವ


ಜೂನ್ ೯

ಭಾವ,

ಡಾಕ್ಟರು ಹೇಳಿದ್ದಕ್ಕಿಂತ ಎರಡು ವಾರ ಹೆಚ್ಚೇ ಸಿಕ್ಕಿತು. ಮೊನ್ನೆ ಸ್ನಾನದ ಕೋಣೆಯಲ್ಲಿ ಬಕೆಟ್ಟಿಗೆ ನೀರು ಬಿಟ್ಟು ನಿಂತಿದ್ದೆ. ತುಂಬಿ ಚೆಲ್ಲಿ ಕಾಲು ಒದ್ದೆಯಾದಾಗಲೇ ತಿಳಿದದ್ದು, ಎಡಗಿವಿಯೂ ಹೋಯಿತು ಅಂತ. ಈಗ ಒಳಗೆ ಒಂದೇ ಸಮನೆ ಯಾವುದೋ ಸಿಳ್ಳೆ. ಹೊರಗಿನದು ಏನೂ ಇಲ್ಲ.

ಆದರೆ ನಾನು ಕೇಳುವ ಬೇರೆ ದಾರಿ ಕಂಡುಕೊಂಡಿದ್ದೇನೆ, ನಗಬೇಡಿ. ಸ್ಪೀಕರನ್ನು ಮೇಜಿನ ಮೇಲೆ ಮುಖ ಮೇಲಾಗಿ ಮಲಗಿಸುತ್ತೇನೆ. ಅದರ ಮೇಲೆ ಗಿಟಾರಿನ ಬೆನ್ನು. ಗಿಟಾರಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎರಡೂ ಅಂಗೈ ಮರದ ಮೇಲೆ ಇಡುತ್ತೇನೆ. ಯಾರಾದರೂ ನೋಡಿದರೆ ಇವನು ಹಸಿವಿಗೆ ಗಿಟಾರು ತಿನ್ನುತ್ತಿದ್ದಾನೆ ಅಂದುಕೊಳ್ಳಬೇಕು. ಸಣ್ಣ ಸ್ವರಗಳು ಸಿಗುವುದಿಲ್ಲ. ಆದರೆ ಕೆಳಗಿನ ಗುಂಯ್ ಅನ್ನುವ ನಾದ ದವಡೆಗೆ, ಎದೆಗೂಡಿಗೆ ಚೆನ್ನಾಗಿ ಬರುತ್ತದೆ.

ಮೊದಲ ಸುರುಳಿ ಹಾಕಿದೆ. ಬಂತು. ಎರಡನೆಯದು, ಮೂರನೆಯದು, ಅವೂ ಬಂದವು. ಅಕ್ಕ ಕೆಮ್ಮಿದ ಕಡೆ, ನಕ್ಕ ಕಡೆ ಎಲ್ಲ ಅಂಗೈಗೆ ಗೊತ್ತಾಯಿತು. ಆಮೇಲೆ ನಿಮ್ಮ ಸಿ.ಡಿ. ಹಾಕಿದೆ.

ಭಾವ, ಶುರುವಿನಲ್ಲಿ ಅರ್ಧ ನಿಮಿಷ ಒಂದು ಗುಂಯ್, ಆಮೇಲೆ ಅದರಲ್ಲಿ ಏನೂ ಇಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಧಡ್ ಅನ್ನುವ ಪೆಟ್ಟು ಹಲ್ಲಿಗೆ ತಾಗುತ್ತದೆ. ಅದು ಬಿಟ್ಟರೆ ಕೊನೆಯವರೆಗೆ ಸತ್ತ ಮರ. ಮೂರು ಸಲ ಹಾಕಿದೆ. ಸ್ಪೀಕರ್ ಕೆಟ್ಟಿತೇ ಅಂತ ಮತ್ತೆ ಮೊದಲ ಸುರುಳಿ ಹಾಕಿ ನೋಡಿದೆ. ಅದು ಸರಿಯಾಗಿಯೇ ಬಂತು.

ನಿಜ ಹೇಳಲೇ, ನೀವು 'ಅಲೆ ಅಲೆಯಾಗಿ' ಅಂತ ಬರೆದದ್ದು ಓದಿದಾಗಲೇ ನನಗೆ ಅನುಮಾನ ಬಂತು. ನಿಮ್ಮ ಬಾಯಲ್ಲಿ ಅಂಥ ಮಾತು ಹುಟ್ಟಿದ್ದನ್ನು ನಾನು ಕಂಡೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು. ಕಿವುಡನಿಗೆ ಏನು ಗೊತ್ತಾಗುತ್ತದೆ ಅಂದುಕೊಂಡಿರಾ?

ಏನಾಯಿತು ಹೇಳಿ. ಬೈಯುವುದಿಲ್ಲ. ಚೀಟಿ ಓದಿದಿರಾ?

ಗುಂಗಿ


ಜೂನ್ ೩೦

ಭಾವ,

ನನ್ನ ಕಾಗದ ಮುಟ್ಟಿತೋ ಇಲ್ಲವೋ. ಆಲ್ಬಮ್ಮಿನ ರಟ್ಟಿನ ಮೇಲೆ ಅಚ್ಚು ಹಾಕಲು ಆಕೆ ಕಾಯುತ್ತಿದ್ದಾರೆ. ಸಿ.ಡಿ. ಅವರಿಗೆ ಕೊಟ್ಟಿಲ್ಲ. ನೀವು ಬರೆಯುವವರೆಗೆ ಕೊಡುವುದಿಲ್ಲ.

ಗುಂಗಿ


ಜುಲೈ ೧೪

ಗುಂಗಿ,

ಎರಡೂ ಕಾಗದ ಮುಟ್ಟಿದವು. ಮೊದಲನೆಯದು ಓದಿದ ದಿನ ಕೆಲಸಕ್ಕೆ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟು, ನಮ್ಮ ಬೀದಿ ಮುಗಿಯುವ ಕಡೆಗಿನ ಕಬ್ಬಿಣದ ಅಂಗಡಿಯವರೆಗೆ ಹೋಗಿ, ಯಾಕೆ ಬಂದೆ ಅಂತ ತಿಳಿಯದೆ ಒಂದು ಹಿಡಿ ಮೊಳೆ ಕೊಂಡು ಬಂದೆ.

ಚೀಟಿ ಓದಿದೆ. ಸುರುಳಿ ಓಡಿ ಮುಗಿದ ಮೇಲೆ ಓದಿದೆ.

ಡಬ್ಬಿ ತೆರೆದಾಗ ಅವಳ ಅಕ್ಷರ ಕಾಣಿಸಿತು. ಅವಳು ಹೋದ ಮೇಲೆ ಆ ಅಕ್ಷರ ನೋಡಿರಲಿಲ್ಲ. ಅಡಿಗೆಮನೆಯ ಡಬ್ಬಗಳ ಮೇಲೆ ಅಂಟಿಸಿದ್ದನ್ನೆಲ್ಲ ನಾನೇ ಕಿತ್ತು ಹಾಕಿದ್ದೆ. ಚೀಟಿಯನ್ನು ಬೋರಲು ಹಾಕಿ, ಅದರ ಮೇಲೆ ಕತ್ತರಿ ಇಟ್ಟೆ. ಮೊದಲು ಕೆಲಸ ಮುಗಿಯಲಿ, ಆಮೇಲೆ ನಿಧಾನವಾಗಿ ಓದೋಣ ಅಂದುಕೊಂಡೆ.

ಟೇಪು ಓಡಿಸಿದೆ. ಮೊದಲು ಬಂದದ್ದು ಅವಳ ಆಮ್ಲಜನಕದ ಯಂತ್ರದ ಸದ್ದು, ಆ ಮೋಟಾರಿನ ಗುಂಯ್. ಮೇಜಿನ ಕಾಲಿನಿಂದ ಗಿಟಾರಿಗೆ ಹತ್ತಿ ಬಂದದ್ದು. ನಾಲ್ಕು ತಿಂಗಳು ಹಗಲೂ ರಾತ್ರಿ ಕೇಳಿದ್ದ ಸದ್ದು. ಅರ್ಧ ನಿಮಿಷವೂ ತಡೆಯಲಿಕ್ಕಾಗಲಿಲ್ಲ. ಕೈ ತಾನೇ ಹೋಗಿ ಫಿಲ್ಟರಿನ ಗುಂಡಿ ಒತ್ತಿತು. ಮೋಟಾರಿನ ನಾದವನ್ನು, ಅದರ ಮರಿ ನಾದಗಳನ್ನೆಲ್ಲ ಹೆಕ್ಕಿ ತೆಗೆಯುವ ಫಿಲ್ಟರ್ ಅದು. ದಿನಕ್ಕೆ ಹತ್ತು ಸಲ ಒತ್ತುವ ಗುಂಡಿ. ಅದನ್ನು ಒತ್ತಿದರೆ ನನಗೆ ಕೇಳುವುದು ಮಾತ್ರವಲ್ಲ, ಹಿಡಿದಿಡುವುದೂ ಸೋಸಿಯೇ ಹೋಗುತ್ತದೆ. ಈ ಕಸುಬಿಗೆ ಬರುವ ಹೊಸಬರಿಗೆ ನಾನು ಮೊದಲ ದಿನ ಹೇಳುವ ಪಾಠ: ಮೊದಲು ಇದ್ದದ್ದು ಇದ್ದ ಹಾಗೆ ಹಿಡಿ, ಆಮೇಲೆ ತೊಳೆ. ನಾನೇ ಹಾಗೆ ಮಾಡಲಿಲ್ಲ. ಮೋಟಾರು ನಿಂತಿತು. ನಿಂತದ್ದು ಎಷ್ಟು ಹಾಯಾಯಿತು ಅಂದರೆ ನಾನು ಕಣ್ಣು ಮುಚ್ಚಿ ಕೂತುಬಿಟ್ಟೆ. ನಲವತ್ತೊಂದು ನಿಮಿಷ ಓಡಿತು, ಹಿಂದೆ ಉದುರಿತು.

ಆಮೇಲೆ ಚೀಟಿ ತಿರುಗಿಸಿದೆ. ನಿನಗೆ ಅದರಲ್ಲಿ ಏನಿದೆ ಗೊತ್ತು. ಆದರೂ ಬರೆಯುತ್ತೇನೆ, ನನಗೆ ಬರೆಯಬೇಕಾಗಿದೆ. 'ಆರೂ ತಂತಿ ಮೋಟಾರಿನ ಶ್ರುತಿಗೆ ಸೇರಿಸಿದೆ.' ಅದರ ಕೆಳಗೆ, ಇದನ್ನು ನೀನು ಹೇಳಿ ಬರೆಸಿದ್ದಲ್ಲ ಅಂತ ನೋಡಿದರೆ ತಿಳಿಯುತ್ತದೆ, 'ಇಸ್ತ್ರಿ ಬೇಡ' ಅಂತ ಬರೆದು ಎರಡು ಗೆರೆ ಎಳೆದಿದ್ದಾಳೆ.

ತಂತಿಗಳು ಮೋಟಾರಿನ ಶ್ರುತಿಯಲ್ಲೇ ಇದ್ದದ್ದರಿಂದ, ಮೋಟಾರು ತೆಗೆದಾಗ ತಂತಿಗಳೂ ಹೋದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದವನ ಹಾಗೆ ಕೂತಿದ್ದೇನೆ. ಅವಳಿಗೆ ಉತ್ತರವಾಗಿ ಮಿಡಿದದ್ದೇನಿತ್ತೋ ಎಲ್ಲ ಹೋಯಿತು. ನಿನಗೆ ಬರೆದದ್ದು ಸುಳ್ಳು. ನೀನು ಕಿವಿಯಲ್ಲಿ ಕೇಳಲಾರೆ ಅನ್ನುವ ಧೈರ್ಯದ ಮೇಲೆಯೇ ಬರೆದ ಸುಳ್ಳು. ಅದಕ್ಕಿಂತ ನೀಚತನ ನಾನು ಬೇರೆ ಮಾಡಿಲ್ಲ.

ಉಳಿದದ್ದು ಒಂದೇ. ನಿನ್ನ ಹಲ್ಲಿಗೆ ತಾಗಿತು ಅಂದೆಯಲ್ಲ, ಆ ಪೆಟ್ಟು. ನಾದವಿಲ್ಲದ ಸದ್ದು ಆ ಫಿಲ್ಟರಿಗೆ ಸಿಕ್ಕುವುದಿಲ್ಲ. ಅದು ಕೋಣೆಯ ಬಾಗಿಲು. ಮೇಜು ಬಾಗಿಲ ಚೌಕಟ್ಟಿಗೆ ತಾಗಿತ್ತು, ನೆನಪಿದೆಯಲ್ಲ, ಎಷ್ಟು ಸಲ ಸರಿಸಿದರೂ ಜಾಗ ಸಾಲುತ್ತಿರಲಿಲ್ಲ. ಬಾಗಿಲು ಹಾಕಿದ ಸದ್ದು ಹನ್ನೊಂದು ಸಲ ಇದೆ. ಹನ್ನೊಂದೂ ನಾನೇ. ಲೋಟ ತಂದಿಟ್ಟು ಹೊರಗೆ. ದಿಂಬು ಸರಿಮಾಡಿ ಹೊರಗೆ. ಏನೂ ಇಲ್ಲದೆ ಸುಮ್ಮನೆ ಒಳಗೆ ಬಂದು ಹೊರಗೆ. ಅವಳ ಮುಖ ನೋಡಿಕೊಂಡು ಎರಡು ನಿಮಿಷ ನಿಲ್ಲುವ ಶಕ್ತಿ ನನ್ನಲ್ಲಿರಲಿಲ್ಲ.

ನಿನ್ನ ಆಲ್ಬಮ್ಮಿನ ನಾಲ್ಕನೆಯ ಭಾಗದಲ್ಲಿ ಈಗ ಇರುವುದು ಇಷ್ಟೇ. ನಾನು ಎದ್ದು ಹೋಗುವುದು. ಮೆಟ್ಟಿಲ ಮೇಲೆ ನೀನು ಕೇಳಿದ ಪ್ರಶ್ನೆಗೆ ಇದಕ್ಕಿಂತ ಚೆನ್ನಾಗಿ ಉತ್ತರ ಕೊಡಲು ನನಗೆ ಬರುತ್ತಿರಲಿಲ್ಲ.

ಭಾವ


ಆಗಸ್ಟ್ ೩

ಭಾವ,

ಬೈಯುವುದಿಲ್ಲ ಅಂದಿದ್ದೆ. ಮೂರು ದಿನ ಮನಸ್ಸಿನಲ್ಲೇ ಬೈದೆ, ಬಾಯಿ ಬಿಟ್ಟೂ ಬೈದೆ. ನನಗೇ ಕೇಳಿಸದ ಕಾರಣ ಎಷ್ಟು ಜೋರಾಗಿ ಕೂಗಿದೆನೋ ತಿಳಿಯದು, ಎದುರು ಮನೆಯವರು ಬಂದು ಬಾಗಿಲು ಬಡಿದಿರಬೇಕು, ಆಮೇಲೆ ಕಿಟಕಿಯಲ್ಲಿ ಕೈ ಆಡಿಸಿದರು. ಬಾಗಿಲು ತೆರೆದು ಹಲ್ಲು ಗಿಂಜಿದೆ. ಆಮೇಲೆ ಬೈಗುಳವೂ ಮುಗಿಯಿತು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತ ಅಕ್ಕ ಎಲ್ಲದಕ್ಕೂ ಅನ್ನುತ್ತಿದ್ದಳು, ಅನ್ನ ಸೀದು ಹೋದರೂ ಅದನ್ನೇ ಅನ್ನುತ್ತಿದ್ದಳು. ನನಗೆ ಆ ಮಾತಿನ ಮೇಲೆ ಯಾವತ್ತೂ ನಂಬಿಕೆ ಬಂದಿಲ್ಲ.

ನೀವು ಒಂದು ಸುಳ್ಳು ಒಪ್ಪಿಕೊಂಡಿರಿ. ನನ್ನದೂ ಒಂದಿದೆ, ಎರಡು ವರ್ಷ ಹಳೆಯದು.

'ನಾನಾದ್ರೂ ಪಕ್ಕದಲ್ಲಿ ಕೂತಿದ್ದೆ' ಅಂದೆನಲ್ಲ, ಕೂತಿರಲಿಲ್ಲ. ಆವತ್ತು ಮಧ್ಯಾಹ್ನ ಚೀಟಿ ಬರೆಸಿದೆ, ತಂತಿ ಸೇರಿಸಿದೆ, ಟೇಪಿನ ಗುಂಡಿ ಒತ್ತಿದೆ, 'ಅಕ್ಕ, ಒಂದ್ನಿಮಿಷ ಬಂದೆ' ಅಂದೆ. ಬಾಗಿಲು ಹಾಕದೆ ಕೆಳಗೆ ಇಳಿದು ಹೋಗಿ ಸೈಕಲ್ಲು ನಿಲ್ಲಿಸುವ ಕಡೆ ಇದೆಯಲ್ಲ, ಆ ಕಟ್ಟೆಯ ಮೇಲೆ ಕೂತೆ. ಅವಳ ಉಸಿರಿನ ಸದ್ದು ಬದಲಾಗಿತ್ತು. ನನ್ನ ಕಿವಿ ಆಗ ಚೆನ್ನಾಗಿತ್ತು, ನನಗೆ ಗೊತ್ತಾಯಿತು. ಗೊತ್ತಾದದ್ದಕ್ಕೇ ಇಳಿದು ಹೋದೆ. ಟೇಪು ಮುಗಿಯುವ ಹೊತ್ತಿಗೆ ಮೇಲೆ ಬಂದೆ. ಅಷ್ಟರಲ್ಲಿ ಅವಳು ಮಾತು ನಿಲ್ಲಿಸಿದ್ದಳು.

ಆ ನಲವತ್ತೊಂದು ನಿಮಿಷ ಅವಳ ಜೊತೆ ಕೂತಿದ್ದು ಗಿಟಾರು ಒಂದೇ.

ನಿಮ್ಮನ್ನು ಕೇಳಬೇಕೆಂದಿದ್ದ ಪ್ರಶ್ನೆ ಇದು. ನಾನು ಹೋದ ಮೇಲೆ ಅವಳು ಕರೆದಳಾ? ಕರೆದಿದ್ದರೆ ತಂತಿಗಳು ಮಿಡಿದಿರುತ್ತವೆ. ಯಾರನ್ನು ಕರೆದಳು ಅಂತ ಗೊತ್ತಾಗುತ್ತಿರಲಿಲ್ಲ, ಏನು ಅಂದಳು ಅಂತಲೂ ಗೊತ್ತಾಗುತ್ತಿರಲಿಲ್ಲ. ಕರೆದಳೋ ಇಲ್ಲವೋ, ಅಷ್ಟು ಗೊತ್ತಾಗುತ್ತಿತ್ತು. ಅದನ್ನು ಕೇಳುವ ಧೈರ್ಯವಿಲ್ಲದೆಯೇ ಎರಡು ವರ್ಷ ಸುರುಳಿಯನ್ನು ಮುಟ್ಟಲಿಲ್ಲ. ಕರೆಯಲಿಲ್ಲ, ನಿದ್ದೆ ಹೋಗಿದ್ದಳು, ಮೋಟಾರು ಬಿಟ್ಟು ಬೇರೇನೂ ಇಲ್ಲ ಅಂತ ನೀವು ಬರೆದಿದ್ದರೆ ಈ ಸಿಳ್ಳೆಯನ್ನು ಕೇಳಿಕೊಂಡು ಇನ್ನಷ್ಟು ದಿನ ಹೇಗೋ ಕಳೆಯುತ್ತಿದ್ದೆ.

ಈಗ ಅದು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಸುಳ್ಳು ಬರೆಯಲಾರೆ. ನನ್ನ ಮೇಲೆ ಇರುವುದಕ್ಕಿಂತ ಕಡಿಮೆ, ಅಷ್ಟೇ.

ಆಲ್ಬಮ್ಮಿನಲ್ಲಿ ನಿಮ್ಮ ಸಿ.ಡಿ.ಯನ್ನು ಇದ್ದ ಹಾಗೇ ಸೇರಿಸೋಣವೇ ಅಂತ ಯೋಚಿಸುತ್ತಿದ್ದೇನೆ. ಹನ್ನೊಂದು ಬಾಗಿಲು. ಹೇಗೂ ನಾವಿಬ್ಬರೂ ಅವಳಿಗೆ ಮಾಡಿದ್ದು ಅದನ್ನೇ. ನೀವು ಹೂಂ ಅಂದರೆ ಮಾತ್ರ.

ಗುಂಗಿ


ಆಗಸ್ಟ್ ೨೬

ಗುಂಗಿ,

ನೀನು ಅಲ್ಲಿ ಇರಲಿಲ್ಲ ಅಂತ ನನಗೆ ಗೊತ್ತಿತ್ತು. ಹನ್ನೊಂದು ಸಲ ಒಳಗೆ ಹೋದವನಿಗೆ ಖಾಲಿ ಕುರ್ಚಿ ಕಾಣದೆ ಇರುತ್ತದೆಯೇ? ಮೆಟ್ಟಿಲ ಮೇಲೆ ನೀನು ಆ ಮಾತಾಡಿದಾಗಲೇ ಎಲ್ಲರ ಎದುರು ಹೇಳಬಹುದಿತ್ತು. ಹೇಳಿದ್ದರೆ ನಾನೆಲ್ಲಿದ್ದೆ ಅನ್ನುವುದನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೇ ನಿನ್ನನ್ನು ಕಳ್ಳ ಅಂದು, ನಂಬರು ತಡೆದು, ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡೆ.

ನಿನ್ನ ಪ್ರಶ್ನೆಗೆ ಟೇಪು ಬೇಕಾಗಿರಲಿಲ್ಲ.

ಬಾಗಿಲು ಹಾಕಿಕೊಂಡು ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಹೊರಗೆ, ಬಾಗಿಲಿಗೆ ಬೆನ್ನು ಕೊಟ್ಟು, ಚಿಲಕ ಹಿಡಿದುಕೊಂಡು ನಿಲ್ಲುತ್ತಿದ್ದೆ. ಅವಳು ಕರೆದಳು. ಮೊದಲು 'ಗುಂಗಿ, ಇದ್ದೀಯೇನೋ?' ಅಂದಳು, ಎರಡು ಸಲ. ಆಮೇಲೆಲ್ಲ 'ರೀ' ಅಂದಳು. ಬರೀ 'ರೀ'. ಜೋರಾಗಿ ಅಲ್ಲ, ಉಪ್ಪಿನ ಡಬ್ಬ ಎಲ್ಲಿಟ್ಟಿರಿ ಅಂತ ಕೇಳು‌ವಾಗ ಅನ್ನುತ್ತಿದ್ದ ಹಾಗೆ. ಅವಳು ನಿಲ್ಲಿಸುವವರೆಗೆ ನಾನು ಕಾಯುತ್ತಿದ್ದೆ. ನಿಲ್ಲಿಸಿದ ಮೇಲೆ ಲೋಟವನ್ನೋ ಬಟ್ಟೆಯನ್ನೋ ಹಿಡಿದು, ಈಗ ತಾನೇ ಕೆಳಗಿನಿಂದ ಬಂದವನ ಹಾಗೆ ಒಳಗೆ ಹೋಗುತ್ತಿದ್ದೆ. 'ಕರೆದ್ಯಾ?' ಅಂತ ಒಮ್ಮೆ ಕೇಳಿದೆ. 'ಇಲ್ವಲ್ಲ' ಅಂದಳು.

ಮೋಟಾರಿನ ಸದ್ದು ತಡೆಯಲಾಗದೆ ಗುಂಡಿ ಒತ್ತಿದೆ ಅಂತ ಹೋದ ಕಾಗದದಲ್ಲಿ ಬರೆದಿದ್ದೆ. ಮೋಟಾರನ್ನು ನಾನು ತಡೆದುಕೊಳ್ಳಬಲ್ಲೆ. ಆ ಯಂತ್ರ ಇನ್ನೂ ನನ್ನ ಕೋಣೆಯಲ್ಲೇ ಇದೆ, ಕೆಲವು ದಿನ ಸುಮ್ಮನೆ ಹಾಕಿಕೊಂಡು ಕೂರುತ್ತೇನೆ. ತಂತಿಗಳು ಮೋಟಾರಿನ ಶ್ರುತಿಯಲ್ಲೇ ಇವೆ ಅಂತ ಚೀಟಿ ಓದದೆಯೇ ಕಿವಿಗೆ ತಿಳಿದಿತ್ತು. ಟೇಪು ಓಡಿ ಅರ್ಧ ನಿಮಿಷಕ್ಕೆ ಮೊದಲನೆಯ ಬಾಗಿಲು ಬಿತ್ತು. ಅದಾದ ಮೇಲೆ ತಂತಿಗಳು ಏನು ಮಾಡುತ್ತವೆ ಅಂತ ನನಗೆ ಗೊತ್ತಿತ್ತು.

ನಾಲ್ಕನೆಯದು ಬೇಡ. ಮೂರೇ ಹೊರಗೆ ಬರಲಿ. ಅದರಲ್ಲಿ ಅವಳು ನಗುತ್ತಿದ್ದಾಳೆ ಅಂತ ನೀನು ಬರೆದಿದ್ದೀಯ. ಚೀಟಿಯನ್ನು ನಾನೇ ಇಟ್ಟುಕೊಳ್ಳುತ್ತೇನೆ, ಕೇಳಬೇಡ.

ಹೋದ ವಾರ ನಿನ್ನ ಯೋಚನೆಯಾಗಿ ನಾನೂ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಒಂದು ಗಂಟೆ ಪರೀಕ್ಷೆ ಮಾಡಿದರು. ಈ ವಯಸ್ಸಿಗೆ ಇಷ್ಟು ಸ್ಪಷ್ಟವಾಗಿ ಕೇಳಿಸುವವರು ಕಡಿಮೆಯಂತೆ. ಇನ್ನೂ ಇಪ್ಪತ್ತು ವರ್ಷ ಏನೂ ಆಗುವುದಿಲ್ಲ ಅಂದರು.

ಇಸ್ತ್ರಿ